ಕೊನೆಯ ಗುಳಿಗೆ ಎಷ್ಟು ಹೊತ್ತಿಗೆ?

ಮಗಳೇ,

ಮೊನ್ನೆ ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಊಟಕ್ಕೂ ಕೂರದೆ ಫೋನ್ ಮಾಡಿದೆ. "ದೊಡ್ಡಪ್ಪಾ, ಐ.ಎನ್.ಆರ್. 1.1 ಇತ್ತು, ಪ್ಲೇಟ್‌ಲೆಟ್ ಸರಿ ಇತ್ತು. ಆದರೂ ನಮ್ಮ ಸರ್ ಬೆನ್ನಿಗೆ ಸೂಜಿ ಹಾಕಲು ಬಿಡಲಿಲ್ಲ. ರಕ್ತ ತೆಳು ಮಾಡುವ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ಮೊದಲು ಅಳೆಸು ಅಂದರು. ಎಲ್ಲರೆದುರು ಬೈದರು ಬೇರೆ. ನನ್ನದೇನು ತಪ್ಪು?" ಎಂದೆ. ದನಿಯಲ್ಲಿ ಅಳು ಇತ್ತು. ಆಗ ಉತ್ತರ ಹೇಳಲಿಲ್ಲ, ಉಂಡು ಮಲಗು ಅಂದೆ. ಹಸಿದ ಹೊಟ್ಟೆಗೆ ಬುದ್ಧಿಮಾತು ಹಿಡಿಸುವುದಿಲ್ಲ. ಈಗ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ನಿಮ್ಮ ಸರ್ ಬೈದದ್ದು ಹೇಗೋ ಏನೋ, ತಡೆದದ್ದು ಮಾತ್ರ ಸರಿ. ಅದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನಿನ್ನ ತಪ್ಪನ್ನು ನಾನೂ ಮಾಡಿದ್ದೇನೆ. ಅದೂ ನಿನ್ನ ಹಾಗೆ ಕಲಿಯುವಾಗಲ್ಲ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, ತಲೆ ಪೂರ್ತಿ ನೆರೆತ ಮೇಲೆ.

ಎಪ್ಪತ್ತೆಂಟರ ಅಜ್ಜಿ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಮಗ ಬೆಂಗಳೂರಿನಿಂದ ಓಡಿ ಬಂದಿದ್ದ. ಏನೇನು ಮಾತ್ರೆ ತಗೋತಾರೆ ಅಂದರೆ "ಬೀಪಿದು, ಶುಗರ್‌ದು, ಅಷ್ಟೇ ಸರ್" ಅಂದ. ಕೇಸ್ ಶೀಟಿನಲ್ಲೂ ಅಷ್ಟೇ ಬರೆದಿತ್ತು. ಐ.ಎನ್.ಆರ್. 1.1. ನಾನು ಗ್ಲೋವ್ಸ್ ಹಾಕಿ, ಬೆನ್ನು ಒರೆಸಿ, ಅರಿವಳಿಕೆಯ ಸ್ಪೈನಲ್ ಸೂಜಿ ಕೈಗೆ ತೆಗೆದುಕೊಂಡಿದ್ದೆ. ಅಜ್ಜಿಯನ್ನು ಮುಂದಕ್ಕೆ ಬಾಗಿಸಿ ಹಿಡಿದಿದ್ದ ಸಿಸ್ಟರ್ ಸುಮ್ಮನೆ ಮಾತಿಗೆ ಕೇಳಿದರು: "ಅಜ್ಜೀ, ಬೆಳಗ್ಗೆ ಏನಾದ್ರೂ ಗುಳಿಗೆ ನುಂಗಿದ್ರಾ?"

"ಹೂಂ ಕಣವ್ವಾ, ಎದೆದು ಒಂದು ಐತಲ್ಲ, ಎರಡು ಹೊತ್ತೂ ನುಂಗಬೇಕು. ಏಳೂವರೆಗೆ ನುಂಗಿದೆ."

ಎಲೆಅಡಿಕೆ ಚೀಲದೊಳಗೆ ಇತ್ತು ಆ ಸ್ಟ್ರಿಪ್ಪು. ರಕ್ತ ತೆಳು ಮಾಡುವ ಅಪಿಕ್ಸಾಬಾನ್. ಎದೆಬಡಿತ ತಾಳ ತಪ್ಪಿದ್ದಕ್ಕೆ ಬೇರೆ ಊರಿನ ಡಾಕ್ಟರು ಬರೆದುಕೊಟ್ಟಿದ್ದು. ಮಗನಿಗೆ ಗೊತ್ತಿರಲಿಲ್ಲ. ನಾವು ಕೇಳಿರಲಿಲ್ಲ. ವಾರ್ಡಿನಲ್ಲಿ ಮಲಗಿಯೂ ಅಜ್ಜಿ ಒಂದು ಹೊತ್ತು ತಪ್ಪಿಸದೆ, ಯಾರಿಗೂ ತೊಂದರೆ ಕೊಡದೆ ತಾನೇ ನುಂಗುತ್ತಿದ್ದಳು. ನಾನು ಸೂಜಿ ಕೆಳಗಿಟ್ಟೆ. ಕೈ ನಡುಗಿದ್ದು ಆಮೇಲೆ, ಚಹಾ ಲೋಟ ಹಿಡಿದಾಗ.

ಸೂಜಿ ಹಾಕಿದ್ದರೆ ಏನಾಗಬಹುದಿತ್ತು ಅಂತ ನಿನಗೆ ಗೊತ್ತು. ಬೆನ್ನುಹುರಿಯ ಸುತ್ತ ರಕ್ತ ತುಂಬಿಕೊಂಡರೆ ಅದಕ್ಕೆ ಹರಿದುಹೋಗಲು ಜಾಗವಿಲ್ಲ, ನರವನ್ನೇ ಅದುಮುತ್ತದೆ. ಏಳೆಂಟು ಗಂಟೆಯೊಳಗೆ ಬಿಡಿಸದಿದ್ದರೆ ಕಾಲಿನ ಬಲ ವಾಪಸು ಬರುವ ಆಸೆ ಬಹಳ ಕಡಿಮೆ. ಅಪರೂಪದ ಅನಾಹುತ, ನಿಜ. ಆದರೆ ಮೂಳೆ ಕೂಡಿಸಿಕೊಳ್ಳಲು ಬಂದವಳು ಎರಡೂ ಕಾಲು ಕಳೆದುಕೊಂಡು ಹೋದರೆ ಅದು ಅಪರೂಪ ಅಂತ ಅವಳ ಮನೆಯವರಿಗೆ ಹೇಳಲಾಗುತ್ತದೆಯೆ?

ಹಾಗಾದರೆ ಐ.ಎನ್.ಆರ್. ನಮಗೆ ಸುಳ್ಳು ಹೇಳಿತೇ? ಇಲ್ಲ. ನಾವು ಕೇಳಬಾರದ ಪ್ರಶ್ನೆಯನ್ನು ಅದಕ್ಕೆ ಕೇಳಿದ್ದೆವು.

ನೋಡು, 'ರಕ್ತ ತೆಳು ಮಾಡುವ ಮಾತ್ರೆ' ಅನ್ನುವ ಹೆಸರೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ರಕ್ತ ನೀರಾಗುವುದಿಲ್ಲ. ನಮ್ಮ ಭಾಷೆಯಲ್ಲಿ ಹಾಲಿಗೂ ರಕ್ತಕ್ಕೂ ಒಂದೇ ಮಾತು, ಹೆಪ್ಪು. ನಿನ್ನ ಅಜ್ಜಿ ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಿದ್ದದ್ದು ನೆನಪಿದೆಯಲ್ಲ? ಈ ಔಷಧಗಳು ಹಾಲಿಗೆ ನೀರು ಬೆರೆಸುವುದಿಲ್ಲ, ಹೆಪ್ಪಿನ ಚಮಚವನ್ನು ತಡೆದು ಹಿಡಿಯುತ್ತವೆ. ಒಂದೊಂದು ಔಷಧ ಒಂದೊಂದು ಕಡೆ ಹಿಡಿಯುತ್ತದೆ. ವಾರ್ಫರಿನ್ ಮತ್ತು ನಮ್ಮ ಕಡೆ ಹೆಚ್ಚು ಓಡಾಡುವ ಅಸಿಟ್ರೋಮ್ ಯಕೃತ್ತಿನಲ್ಲೇ ಕೂತು, ವಿಟಮಿನ್ ಕೆ ಸಹಾಯದಿಂದ ತಯಾರಾಗುವ ಹೆಪ್ಪಿನ ಅಂಶಗಳನ್ನು ಅರೆಬರೆ ಮಾಡಿ ಕಳಿಸುತ್ತವೆ. ಡಾಬಿಗಾಟ್ರಾನ್ ನೇರವಾಗಿ ಥ್ರಾಂಬಿನ್ನಿನ ಕೈ ಹಿಡಿಯುತ್ತದೆ. ರಿವರಾಕ್ಸಾಬಾನ್, ಅಪಿಕ್ಸಾಬಾನ್, ಎಡಾಕ್ಸಾಬಾನ್ ಅದರ ಹಿಂದಿನ ಮೆಟ್ಟಿಲಲ್ಲಿ ಫ್ಯಾಕ್ಟರ್ ಟೆನ್-ಎ ಅನ್ನು ಹಿಡಿಯುತ್ತವೆ. ಹೆಪಾರಿನ್ ತಾನೇ ಹಿಡಿಯುವುದಿಲ್ಲ, ನಮ್ಮ ರಕ್ತದಲ್ಲೇ ಇರುವ ಆ್ಯಂಟಿಥ್ರಾಂಬಿನ್ ಎಂಬ ಕಾವಲುಗಾರನನ್ನು ಛೂ ಬಿಡುತ್ತದೆ.

ಐ.ಎನ್.ಆರ್. ಹುಟ್ಟಿದ್ದೇ ವಾರ್ಫರಿನ್ ಕುಟುಂಬಕ್ಕಾಗಿ. ಆ ಕಥೆ ಸ್ವಾರಸ್ಯವಾಗಿದೆ. 1933ರ ಫೆಬ್ರವರಿಯ ಹಿಮಗಾಳಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಹಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಹಸು ತಿಂದಿದ್ದ ಕೊಳೆತ ಹುಲ್ಲು, ಇಷ್ಟನ್ನೂ ಗಾಡಿಗೆ ಹಾಕಿಕೊಂಡು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಬಾಗಿಲಿಗೆ ಬಂದ. ಆ ಹುಲ್ಲಿನಲ್ಲಿದ್ದ ವಸ್ತು ಏನೆಂದು ತಿಳಿಯಲು ಲಿಂಕ್‌ನ ತಂಡಕ್ಕೆ ಸುಮಾರು ಆರು ವರ್ಷ ಹಿಡಿಯಿತು. ಅದರ ಹಾದಿಯಲ್ಲೇ ಬಂದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಇಲಿ ಪಾಷಾಣ ಔಷಧವಾಗಬೇಕಾದರೆ ಅಳತೆ ಬೇಕೇ ಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಅಂತ ನೋಡುವ ಪರೀಕ್ಷೆ ಇತ್ತು. ಆದರೆ ಲ್ಯಾಬ್ ಲ್ಯಾಬಿಗೂ ರಾಸಾಯನಿಕ ಬೇರೆ, ಸೆಕೆಂಡು ಬೇರೆ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದುತ್ತಿರಲಿಲ್ಲವಲ್ಲ, ಹಾಗೆ. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಒಂದೇ ಸೇರು ಕೊಟ್ಟಿತು. ಅದೇ ಐ.ಎನ್.ಆರ್.

ಆ ಸೇರಿನಲ್ಲಿ ವಾರ್ಫರಿನ್ ಅಳೆ, ಅಸಿಟ್ರೋಮ್ ಅಳೆ, ಚೆನ್ನಾಗಿ ಅಳೆಯುತ್ತದೆ. ಅಪಿಕ್ಸಾಬಾನ್ ಅಳೆಯಹೊರಟರೆ ಭತ್ತದ ಸೇರಿನಲ್ಲಿ ಬಟ್ಟೆ ಅಳೆದ ಹಾಗೆ. ಔಷಧ ರಕ್ತದ ತುಂಬ ಇದ್ದರೂ ಐ.ಎನ್.ಆರ್. 1.1 ಅಂತ ತಣ್ಣಗೆ ಕೂತಿರಬಹುದು. ಹೆಪ್ಪುಗಟ್ಟುವ ಹೊತ್ತು ನೋಡುವ ಇನ್ನೊಂದು ಪರೀಕ್ಷೆ ಎ.ಪಿ.ಟಿ.ಟಿ.ಯನ್ನೂ ಈ ವಿಷಯದಲ್ಲಿ ನೆಚ್ಚಿಕೊಳ್ಳಬೇಡ. ಸಹಜವಾಗಿದೆ ಎಂದ ಮಾತ್ರಕ್ಕೆ ಔಷಧ ಇಲ್ಲ ಎಂದರ್ಥವಲ್ಲ. ಒಂದೇ ಒಂದು ವಿನಾಯಿತಿ ಡಾಬಿಗಾಟ್ರಾನ್‌ಗೆ. ಥ್ರಾಂಬಿನ್ ಟೈಮ್ ಎಂಬ ಹಳೆಯ, ಅಗ್ಗದ ಪರೀಕ್ಷೆ ಅದಕ್ಕೆ ಎಷ್ಟು ಸೂಕ್ಷ್ಮವೆಂದರೆ ಸ್ವಲ್ಪ ಔಷಧ ಉಳಿದಿದ್ದರೂ ವಿಪರೀತ ಏರುತ್ತದೆ. ಆದ್ದರಿಂದ ಅದು ಸಹಜವಾಗಿದ್ದರೆ ಡಾಬಿಗಾಟ್ರಾನ್ ಲೆಕ್ಕಕ್ಕೆ ಬರುವಷ್ಟು ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಏರಿದ್ದರೆ ಎಷ್ಟಿದೆ ಅಂತ ಅದು ಹೇಳಲಾರದು. ಅದಕ್ಕೆ ಪ್ಲಾಸ್ಮಾವನ್ನು ತೆಳುಮಾಡಿ ಮಾಡುವ ಡೈಲ್ಯೂಟ್ ಥ್ರಾಂಬಿನ್ ಟೈಮ್ ಬೇಕು.

ಮಿಕ್ಕ ಮೂರಕ್ಕೆ ಆ್ಯಂಟಿ-ಟೆನ್-ಎ ಪರೀಕ್ಷೆ. ಲ್ಯಾಬಿಗೆ ಹೋಗಿ ಒಮ್ಮೆ ಕಣ್ಣಾರೆ ನೋಡಿ ಬಾ, ರಿಪೋರ್ಟು ಓದುವ ರೀತಿಯೇ ಬದಲಾಗುತ್ತದೆ. ರೋಗಿಯ ರಕ್ತವನ್ನು ಗಿರಗಿರನೆ ತಿರುಗಿಸಿ ಕೆಂಪನ್ನೆಲ್ಲ ತಳಕ್ಕೆ ಇಳಿಸುತ್ತಾರೆ. ಮೇಲೆ ನಿಲ್ಲುವ ತಿಳಿಯೇ ಪ್ಲಾಸ್ಮಾ. ಅದಕ್ಕೆ ಲೆಕ್ಕ ಹಾಕಿ ಒಂದಿಷ್ಟು ಟೆನ್-ಎ ಸೇರಿಸುತ್ತಾರೆ. ರೋಗಿಯ ರಕ್ತದಲ್ಲಿ ಔಷಧ ಇದ್ದರೆ ಅದು ತನ್ನ ಪಾಲಿನ ಟೆನ್-ಎ ಹಿಡಿದುಕೊಳ್ಳುತ್ತದೆ. ಉಳಿದ ಟೆನ್-ಎ ಅಲ್ಲಿ ಹಾಕಿದ ಇನ್ನೊಂದು ವಸ್ತುವನ್ನು ಕತ್ತರಿಸಿ ಹಳದಿ ಬಣ್ಣ ಬಿಡಿಸುತ್ತದೆ. ಯಂತ್ರ ಆ ಹಳದಿಯನ್ನು ಬೆಳಕು ಹಾಯಿಸಿ ಅಳೆಯುತ್ತದೆ. ಬಣ್ಣ ಗಾಢವಾಗಿದ್ದರೆ ಔಷಧ ಕಡಿಮೆ, ಬಣ್ಣ ತಿಳಿಯಾಗಿದ್ದರೆ ಔಷಧ ಜಾಸ್ತಿ. ಮದುವೆ ಮನೆಯಲ್ಲಿ ಉಳಿದ ಎಲೆ ಎಣಿಸಿ ಎಷ್ಟು ಜನ ಉಂಡರು ಅಂತ ಲೆಕ್ಕ ಹಿಡಿಯುವುದಿಲ್ಲವೇ, ಅದೇ ಉಪಾಯ.

ಇಲ್ಲೇ ಒಂದು ಗುಂಡಿ ಇದೆ, ಬೀಳಬೇಡ. ಈ ಹಳದಿ ಎಷ್ಟಿದ್ದರೆ ಔಷಧ ಎಷ್ಟು ಅಂತ ಹೇಳುವ ಪಟ್ಟಿ ಒಂದೊಂದು ಔಷಧಕ್ಕೂ ಬೇರೆ. ಅಪಿಕ್ಸಾಬಾನ್‌ಗೆ ಅದರದೇ ಪಟ್ಟಿ, ರಿವರಾಕ್ಸಾಬಾನ್‌ಗೆ ಅದರದೇ. ಉತ್ತರ ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಬರುತ್ತದೆ. ಹೆಪಾರಿನ್‌ಗಾದರೆ ಯೂನಿಟ್ ಲೆಕ್ಕ. ಆದ್ದರಿಂದ ಲ್ಯಾಬ್ ಚೀಟಿಯಲ್ಲಿ 'ಆ್ಯಂಟಿ-ಟೆನ್-ಎ' ಅಂತ ಮಾತ್ರ ಗೀಚಿ ಕಳಿಸಬೇಡ. ಯಾವ ಔಷಧ ಎಂದು ಪೂರ್ತಿ ಹೆಸರು ಬರೆ. ಪರೀಕ್ಷೆಗೆ ಕಾಣುವುದು ಟೆನ್-ಎ ಹಿಡಿಯುವ ಕೈ ಮಾತ್ರ, ಅದು ಯಾರ ಕೈ ಅಂತ ಕಾಣುವುದಿಲ್ಲ. ಒಮ್ಮೆ ಮನೆಯಲ್ಲಿ ಅಪಿಕ್ಸಾಬಾನ್ ತೆಗೆದುಕೊಳ್ಳುತ್ತಿದ್ದವರೊಬ್ಬರಿಗೆ ಆಸ್ಪತ್ರೆಯಲ್ಲಿ ಹೆಪಾರಿನ್ ಡ್ರಿಪ್ ಶುರು ಮಾಡಿದ್ದರು. ಪರೀಕ್ಷೆಯಲ್ಲಿ ಹೆಪಾರಿನ್ ಭಾರಿ ಜಾಸ್ತಿ ಎಂದು ಬಂತು. ಡ್ರಿಪ್ ಇಳಿಸಿದರು, ಮತ್ತೂ ಇಳಿಸಿದರು. ನಿಜಕ್ಕೂ ಹೆಪಾರಿನ್ ಸಾಲದೇ ಇತ್ತು. ಆ ಅಂಕಿ ಹಿಂದಿನ ದಿನದ ಮಾತ್ರೆಯದ್ದು. ಯಂತ್ರ ಸರಿಯಾಗಿಯೇ ಇತ್ತು. ಲ್ಯಾಬಿನವರಿಗೆ ಮಾತ್ರೆಯ ಸುದ್ದಿ ಯಾರೂ ಹೇಳಿರಲಿಲ್ಲ, ಅಷ್ಟೇ.

ಓಟಿಯೊಳಗಿನ ಹೆಪಾರಿನ್ ಬಗ್ಗೆಯೂ ಒಂದು ಮಾತು. ಹೃದಯದ ಆಪರೇಷನ್ ಪೋಸ್ಟಿಂಗ್ ನಿನಗೆ ಬರುತ್ತದಲ್ಲ. ಅಲ್ಲಿ ಹೆಪಾರಿನ್ ಕೊಟ್ಟು ಮೇಜಿನ ಪಕ್ಕದಲ್ಲೇ ಎ.ಸಿ.ಟಿ. ನೋಡುತ್ತಾರೆ. ಕೆಲವು ಕಡೆ 400, ಕೆಲವು ಕಡೆ 480 ಸೆಕೆಂಡು ದಾಟಿದ ಮೇಲೆಯೇ ಯಂತ್ರಕ್ಕೆ ರಕ್ತ ಹರಿಸುವುದು. ಅದು ಹೆಪ್ಪುಗಟ್ಟುವ ಹೊತ್ತಿನ ಅಳತೆ, ಹೆಪಾರಿನ್ನಿನ ಅಳತೆಯಲ್ಲ. ಮೈ ತಣ್ಣಗಾದರೂ ರಕ್ತಕ್ಕೆ ನೀರು ಸೇರಿದರೂ ಎ.ಸಿ.ಟಿ. ಉದ್ದವಾಗುತ್ತದೆ. ಸೆಕೆಂಡು ಏರಿತು ಅಂದರೆ ಔಷಧ ಏರಿತು ಎಂದು ಓದಬೇಡ. ಹೊತ್ತನ್ನು ಅಳೆಯುವುದು ಬೇರೆ, ವಸ್ತುವನ್ನು ಅಳೆಯುವುದು ಬೇರೆ.

ಈಗ ಕೊನೆಯ ಮಾತ್ರೆ ನುಂಗಿ ಎಷ್ಟು ಹೊತ್ತಾಯಿತು ಎಂಬ ಗಡಿಯಾರದ ಮಾತಿಗೆ ಬರೋಣ. ಅಪಿಕ್ಸಾಬಾನ್‌ನಂಥ ಹೊಸ ಮಾತ್ರೆಗಳ ಹೆಗ್ಗಳಿಕೆಯೇ ಅಳತೆ ಬೇಡ ಎನ್ನುವುದು. ತಿಂಗಳು ತಿಂಗಳು ಐ.ಎನ್.ಆರ್. ಬೇಡ, ಸೊಪ್ಪು ತಿನ್ನಲು ಹೆದರಬೇಕಿಲ್ಲ. ಆಪರೇಷನ್ ಬಂದಾಗಲೂ ಹೆಚ್ಚಿನವರಿಗೆ ಗಡಿಯಾರವೇ ಸಾಕು, ರಕ್ತದಲ್ಲಿನ ಔಷಧದ ಲೆವೆಲ್ ಬೇಡ. 2019ರಲ್ಲಿ ಪ್ರಕಟವಾದ 'ಪಾಸ್' ಅಧ್ಯಯನದಲ್ಲಿ ಎದೆಬಡಿತ ತಾಳ ತಪ್ಪಿದ 3007 ರೋಗಿಗಳಿಗೆ ಹೀಗೇ ಮಾಡಿದರು. ರಕ್ತ ಕಡಿಮೆ ಹೋಗುವ ಆಪರೇಷನ್ ಆದರೆ ಹಿಂದಿನ ಒಂದು ದಿನ, ಹೆಚ್ಚು ಹೋಗುವಂಥದ್ದಾದರೆ ಎರಡು ದಿನ ಮಾತ್ರೆ ಬಿಡಿಸಿದರು. ಡಾಬಿಗಾಟ್ರಾನ್ ತೆಗೆದುಕೊಳ್ಳುವವರ ಮೂತ್ರಪಿಂಡ ಕುಂದಿದ್ದರೆ ಅದನ್ನೇ ಎರಡು ಮತ್ತು ನಾಲ್ಕು ದಿನ ಮಾಡಿದರು. ಲೆವೆಲ್ ನೋಡಿ ಯಾವ ತೀರ್ಮಾನವನ್ನೂ ಮಾಡಲಿಲ್ಲ. ಅಪಿಕ್ಸಾಬಾನ್, ಡಾಬಿಗಾಟ್ರಾನ್, ರಿವರಾಕ್ಸಾಬಾನ್ ಮೂರರಲ್ಲೂ ದೊಡ್ಡ ರಕ್ತಸ್ರಾವ ನೂರಕ್ಕೆ ಎರಡರೊಳಗೇ ಉಳಿಯಿತು. ಹಾಗಾಗಿ ಬಂದವರೆಲ್ಲರಿಗೂ ಲೆವೆಲ್ ಬರೆದು ಬಡವರ ಜೇಬು ಖಾಲಿ ಮಾಡಿಸಬೇಡ.

ಆದರೆ ಅಲ್ಲಿದ್ದವರು ತಾರೀಕು ಗೊತ್ತುಮಾಡಿಕೊಂಡು ಬಂದವರು, ಮೂತ್ರಪಿಂಡ ತೀರಾ ಸೋತವರಲ್ಲ ಎಂಬುದನ್ನು ಮರೆಯಬೇಡ. ಬಚ್ಚಲಲ್ಲಿ ಬೀಳುವ ಅಜ್ಜಿ ಎರಡು ದಿನ ಮೊದಲು ಹೇಳಿ ಬೀಳುವುದಿಲ್ಲ. ಲೆವೆಲ್ಲಿನ ನಿಜವಾದ ಜಾಗ ಇಲ್ಲಿ: ತುರ್ತು ಆಪರೇಷನ್, ಸೋತ ಮೂತ್ರಪಿಂಡ, ಕೊನೆಯ ಮಾತ್ರೆಯ ಹೊತ್ತು ಗೊತ್ತಿಲ್ಲದ ರೋಗಿ, ಮಾತ್ರೆಯನ್ನು ಒಳಗೇ ತಡೆದಿಡುವ ಬೇರೆ ಔಷಧ, ರಕ್ತ ನಿಲ್ಲದೆ ಹರಿಯುತ್ತಿರುವಾಗ.

ಮೂತ್ರಪಿಂಡದ ಲೆಕ್ಕವನ್ನು ಬೆರಳಿನ ಮೇಲೆ ಕಲಿ. ನನ್ನ ಆ ಅಜ್ಜಿಯ ಕ್ರಿಯಾಟಿನಿನ್ 1.2. ಕಣ್ಣಿಗೆ ಒಳ್ಳೆಯದೇ. ತೂಕ 45 ಕೆ.ಜಿ. 140ರಲ್ಲಿ ವಯಸ್ಸು 78 ಕಳೆ, 62. ಅದನ್ನು 45ರಿಂದ ಗುಣಿಸು, 2790. ಕ್ರಿಯಾಟಿನಿನ್ 1.2ನ್ನು 72ರಿಂದ ಗುಣಿಸಿದರೆ 86.4, ಅದರಿಂದ ಭಾಗಿಸು. ಹೆಂಗಸಾದ್ದರಿಂದ 0.85ರಿಂದ ಗುಣಿಸು. ಬಂತು ನೋಡು ಕ್ಲಿಯರೆನ್ಸ್, ನಿಮಿಷಕ್ಕೆ ಸುಮಾರು 27 ಮಿಲಿಲೀಟರ್. ಎಂಬತ್ತಕ್ಕಿಂತ ಹೆಚ್ಚಿರಬೇಕಾದ ಜಾಗದಲ್ಲಿ 27. ಸಣಕಲು ಮೈಯ ಮುದುಕರಲ್ಲಿ ಸ್ನಾಯುವೇ ಇಲ್ಲದಿರುವುದರಿಂದ ಕ್ರಿಯಾಟಿನಿನ್ ಸಭ್ಯಸ್ಥನ ಹಾಗೆ ಕೂತಿರುತ್ತದೆ, ಒಳಗೆ ಮೂತ್ರಪಿಂಡ ಸೋತಿರುತ್ತದೆ. ಡಾಬಿಗಾಟ್ರಾನ್ ಸುಮಾರು ನೂರಕ್ಕೆ ಎಂಬತ್ತು ಪಾಲು ಮೂತ್ರಪಿಂಡದ ದಾರಿಯಲ್ಲೇ ಹೊರಗೆ ಹೋಗಬೇಕು. ಎಡಾಕ್ಸಾಬಾನ್ ಅರ್ಧ ಪಾಲು, ರಿವರಾಕ್ಸಾಬಾನ್ ಮೂರರಲ್ಲೊಂದು ಪಾಲು, ಅಪಿಕ್ಸಾಬಾನ್ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಮಾತ್ರೆ ಬಿಟ್ಟು ಎಷ್ಟು ದಿನ ಆಯಿತು ಎಂದು ಎಣಿಸುವ ಮುಂಚೆ, ಬಾಗಿಲು ಎಷ್ಟು ತೆರೆದಿದೆ ನೋಡು.

ಇನ್ನು ಪಕ್ಕದ ಮಾತ್ರೆಗಳು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಫಿಟ್ಸಿಗೆ ಕೊಡುವ ಫೆನಿಟಾಯಿನ್ ಈ ಹೊಸ ಔಷಧಗಳನ್ನು ಬೇಗ ಕರಗಿಸುತ್ತವೆ, ಲೆವೆಲ್ ಇಳಿಯುತ್ತದೆ. ಶಿಲೀಂಧ್ರಕ್ಕೆ ಕೊಡುವ ಕೀಟೋಕೊನಜೋಲ್ ಏರಿಸುತ್ತದೆ. ವೆರಪಾಮಿಲ್ ಡಾಬಿಗಾಟ್ರಾನನ್ನು ಏರಿಸುತ್ತದೆ. ನಮ್ಮ ಊರುಗಳಲ್ಲಿ ಕ್ಷಯದ ಮಾತ್ರೆಯನ್ನು ಹೇಳಿಕೊಳ್ಳಲು ಇಂದಿಗೂ ನಾಚುತ್ತಾರೆ. ನೆಂಟರನ್ನು ಹೊರಗೆ ಕಳಿಸಿ, ಮೆಲ್ಲಗೆ ಕೇಳು.

ಸ್ಯಾಂಪಲ್ ತೆಗೆಯುವುದು ಹೌಸ್‌ಸರ್ಜನ್ ಕೆಲಸ, ನನ್ನದಲ್ಲ ಅಂತ ಅಸಡ್ಡೆ ಬೇಡ. ಎಲ್ಲ ಲೆಕ್ಕವೂ ಕೆಡುವುದು ಅಲ್ಲೇ. ನೀಲಿ ಮುಚ್ಚಳದ ಟ್ಯೂಬು, ಒಳಗೆ 3.2 ಶೇಕಡಾ ಸೋಡಿಯಂ ಸಿಟ್ರೇಟ್. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅಂದರೆ ಗೆರೆ ಮುಟ್ಟುವ ತನಕ ರಕ್ತ ತುಂಬಲೇಬೇಕು. ನಾಳ ಸಿಗಲಿಲ್ಲ ಅಂತ ಅರ್ಧ ತುಂಬಿ ಕಳಿಸಿದರೆ ಸಿಟ್ರೇಟ್ ಹೆಚ್ಚಾಗಿ ರಕ್ತ ಹೆಪ್ಪುಗಟ್ಟುವುದು ತಡವಾದಂತೆ ತೋರುತ್ತದೆ. ತುಂಬಿದ ಮೇಲೆ ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡು, ಮಜ್ಜಿಗೆ ಕಡೆದ ಹಾಗೆ ಕುಲುಕಬೇಡ. ಹೆಪಾರಿನ್ ಹಾಕಿ ತೊಳೆದ ಲೈನಿನಿಂದ ಎಳೆಯಬೇಡ. ಹಾಗೆ ಎಳೆದ ಒಂದು ಸ್ಯಾಂಪಲ್ಲಿನಿಂದ ಎ.ಪಿ.ಟಿ.ಟಿ. ಲೆಕ್ಕ ಮೀರಿ ಬಂದು, ಏನೂ ಆಗದ ರೋಗಿಯ ಆಪರೇಷನ್ ಮುಂದಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ. ಹೆಪಾರಿನ್ ಅಳೆಯುವ ರಕ್ತವಾದರೆ ಒಂದು ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಿಸು. ತಡವಾದರೆ ಪ್ಲೇಟ್‌ಲೆಟ್ಟುಗಳಿಂದ ಹೊರಬರುವ ಪ್ರೋಟೀನು ಹೆಪಾರಿನ್ನನ್ನು ನುಂಗಿಬಿಡುತ್ತದೆ, ಇದ್ದದ್ದೂ ಇಲ್ಲದಂತೆ ಕಾಣುತ್ತದೆ.

ಟ್ಯೂಬಿನ ಮೇಲೆ ಎರಡು ಹೊತ್ತು ಬರೆ. ಕೊನೆಯ ಡೋಸ್ ಎಷ್ಟು ಹೊತ್ತಿಗೆ, ರಕ್ತ ತೆಗೆದದ್ದು ಎಷ್ಟು ಹೊತ್ತಿಗೆ. 'ಬೆಳಗ್ಗೆ', 'ನಿನ್ನೆ' ಎಂದೆಲ್ಲ ಬೇಡ, ಗಂಟೆ ಬರೆ. ಮಾತ್ರೆ ನುಂಗಿ ಮೂರು ಗಂಟೆಯಾದಾಗ ಬರುವ 150ಕ್ಕೂ, ಮೂವತ್ತು ಗಂಟೆಯಾದ ಮೇಲೆ ಬರುವ 150ಕ್ಕೂ ಅಜಗಜಾಂತರ. ಮೊದಲನೆಯದು ಮಾಮೂಲಿ ಏರಿಕೆ, ಇನ್ನು ಇಳಿಯುತ್ತದೆ. ಎರಡನೆಯದು ಬಾಗಿಲು ಮುಚ್ಚಿದೆ ಎಂದು ಕೂಗುತ್ತಿದೆ. ಅಂಕಿ ಒಂದೇ, ಅರ್ಥ ಎರಡು. ಎನಾಕ್ಸಾಪಾರಿನ್ ಸೂಜಿಯ ಲೆವೆಲ್ಲಾದರೆ ಸೂಜಿ ಹಾಕಿ ಸುಮಾರು ನಾಲ್ಕು ಗಂಟೆಗೆ ತೆಗೆ. ಬೇರೆ ಹೊತ್ತಿಗೆ ತೆಗೆದರೆ ಅದನ್ನು ಯಾವುದಕ್ಕೂ ಹೋಲಿಸಲಾಗದು.

ಇನ್ನು ನೆನಪಿಡಬೇಕಾದ ಅಂಕಿ ಎರಡೇ. 30, 50. ರಕ್ತ ಹೆಚ್ಚು ಹೋಗುವ ಆಪರೇಷನ್ನಿಗೂ ಬೆನ್ನಿನ ಸೂಜಿಗೂ ಮುನ್ನ ಮಿಲಿಲೀಟರಿಗೆ 30 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ನೆಮ್ಮದಿ. ರಕ್ತ ಹರಿದು ಜೀವಕ್ಕೆ ಸಂಚಕಾರ ಬಂದಾಗ 50ಕ್ಕಿಂತ ಮೇಲಿದ್ದರೆ ಪ್ರತಿಔಷಧದ ಯೋಚನೆ. ಡಾಬಿಗಾಟ್ರಾನ್‌ಗೆ 2015ರಿಂದ ಇಡಾರುಸಿಜುಮಾಬ್ ಇದೆ, ಒಟ್ಟು 5 ಗ್ರಾಂ. ಆದರೆ ಇವು ದೇವರು ಕಲ್ಲಿನಲ್ಲಿ ಕೆತ್ತಿದ ಗೆರೆಗಳಲ್ಲ, ತಿಳಿದವರು ಕೂತು ಒಪ್ಪಿಕೊಂಡವು. 29 ಬಂದರೆ ನಿಶ್ಚಿಂತೆ, 31 ಬಂದರೆ ಸರ್ವನಾಶ ಎನ್ನುವುದಿಲ್ಲ. ರಕ್ತ ಚಿಮ್ಮುತ್ತಿರುವ ರೋಗಿಯ ಮುಂದೆ ರಿಪೋರ್ಟಿಗಾಗಿ ಕಾಯುತ್ತ ಕೂರಲೂ ಬೇಡ.

ಆ ಅಜ್ಜಿಯ ಕಥೆ ಮುಂದೇನಾಯಿತು ಹೇಳುತ್ತೇನೆ. ನಮ್ಮಲ್ಲಿ ಆ ಪರೀಕ್ಷೆ ಇರಲಿಲ್ಲ. ಪ್ಲಾಸ್ಮಾ ಬೇರೆ ಮಾಡಿ, ಒಂದೂವರೆ ಗಂಟೆ ದೂರದ ಲ್ಯಾಬಿಗೆ ಆಕೆಯ ಮೊಮ್ಮಗನ ಬೈಕಿನಲ್ಲಿ ಕಳಿಸಿದೆವು. ಅವತ್ತು ಬೆಳಗ್ಗೆ ಹನ್ನೊಂದೂವರೆಯ ರಕ್ತದಲ್ಲಿ 148. ಮಾರನೆಯ ದಿನ ಅದೇ ಹೊತ್ತಿಗೆ 58. ಮೂರನೆಯ ಬೆಳಗ್ಗೆ ಐದೂವರೆಗೆ 28. ಎಂಟು ಗಂಟೆಗೆ ಬೆನ್ನಿಗೆ ಸೂಜಿ ಹಾಕಿ ಆಪರೇಷನ್ ಮುಗಿಸಿದೆವು. ಇದರಲ್ಲಿ ನೀನು ಗಮನಿಸಬೇಕಾದ್ದು ಒಂದಿದೆ. ಬೆನ್ನಿನ ಸೂಜಿಗೆ 72 ಗಂಟೆ ಕಾಯಬೇಕೆಂಬ ಗಡಿಯಾರದ ನಿಯಮ ಹಿಡಿದಿದ್ದರೆ ಇನ್ನೊಂದು ದಿನ ಹಾಸಿಗೆಯಲ್ಲೇ ಮಲಗಿಸಬೇಕಿತ್ತು. ಸೊಂಟ ಮುರಿದ ಮುದುಕರಿಗೆ ಹಾಸಿಗೆಯೇ ಶತ್ರು. ದಿನ ಕಳೆದಂತೆ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಜೀವ ಕುಂದುತ್ತದೆ. ಅಳತೆ ಅಂದರೆ ಬರೀ ತಡೆಯಲಿಕ್ಕಲ್ಲ ಮಗಳೇ, ಹೊರಡು ಎನ್ನಲಿಕ್ಕೂ ಅದೇ ಬೇಕು. ನಿಮ್ಮ ಸರ್ ಅಳೆಸು ಅಂದದ್ದನ್ನು ಅಡ್ಡಗಾಲು ಅಂತ ತಿಳಿಯಬೇಡ.

ನಾಳೆ ನಿನ್ನನ್ನು ಯಾವುದೋ ತಾಲೂಕು ಆಸ್ಪತ್ರೆಗೆ ಹಾಕುತ್ತಾರೆ. ಅಲ್ಲಿ ಆ್ಯಂಟಿ-ಟೆನ್-ಎ ಇರುವುದಿಲ್ಲ, ಬೈಕಿನ ದೂರದಲ್ಲೂ ಇರಲಿಕ್ಕಿಲ್ಲ. ಆಗ ಕೈಕಟ್ಟಿ ಕೂರಬೇಕಿಲ್ಲ. ಕೊನೆಯ ಮಾತ್ರೆಯ ಹೊತ್ತು ಹಿಡಿ, ಮೂತ್ರಪಿಂಡದ ಲೆಕ್ಕ ಹಾಕು. ಡಾಬಿಗಾಟ್ರಾನ್ ಆದರೆ ಥ್ರಾಂಬಿನ್ ಟೈಮ್ ಮಾಡಿಸು. ಕಾಯಬಹುದಾದ ಆಪರೇಷನ್ ಆದರೆ ಕಾಯಿ. ಕಾಯಲಾಗದ್ದಾದರೆ ಬೆನ್ನಿನ ಆಸೆ ಬಿಟ್ಟು ಪೂರ್ತಿ ಅರಿವಳಿಕೆ ಕೊಡು. ಬೆನ್ನಿಗೇ ಸೂಜಿ ಹಾಕಬೇಕೆಂಬ ಹರಕೆಯೇನೂ ಇಲ್ಲವಲ್ಲ. ಸರ್ಜನ್ ಅವಸರ ಮಾಡಿದರೆ ದನಿ ಏರಿಸಬೇಡ. "ಸರ್, ಕೊನೆಯ ಮಾತ್ರೆ ಹನ್ನೆರಡು ಗಂಟೆ ಹಿಂದೆ, ಕ್ಲಿಯರೆನ್ಸ್ 27" ಅನ್ನು ಸಾಕು. ಎರಡು ಅಂಕಿ ಮಾಡುವ ಕೆಲಸವನ್ನು ಹತ್ತು ಮಾತಿನ ವಾದ ಮಾಡಲಾರದು.

ಕೃತಕ ಕವಾಟದವರ ಕಥೆಯೇ ಬೇರೆ, ಅವರನ್ನು ಇವರೊಂದಿಗೆ ಬೆರೆಸಬೇಡ. ಚಿಕ್ಕಂದಿನ ಕೀಲುಜ್ವರದಲ್ಲಿ ಹೃದಯದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿಸಿಕೊಂಡವರು ನಮ್ಮಲ್ಲಿ ಬಹಳ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ರೂಪಿಸಿ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದ ಚಿತ್ರಾ ಕವಾಟ ಎಷ್ಟೋ ಬಡವರ ಎದೆಯಲ್ಲಿ ಟಿಕ್ ಟಿಕ್ ಅನ್ನುತ್ತಿದೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೇ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಲೋಹದ ಕವಾಟದವರಿಗೆ ಹೊಸ ಮಾತ್ರೆ ಸಲ್ಲದು. ಡಾಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅವರ ಸೇರು ಇಂದಿಗೂ ಐ.ಎನ್.ಆರ್. ವಾರ್ಫರಿನ್ ಆದರೆ ಆಪರೇಷನ್ನಿಗೆ ಐದು ದಿನ ಮೊದಲು ಬಿಡಿಸಬೇಕು, ಅಸಿಟ್ರೋಮ್ ಬೇಗ ಇಳಿಯುತ್ತದೆ, ಸುಮಾರು ಮೂರು ದಿನ ಸಾಕು. ನಡುವಿನ ದಿನಗಳಿಗೆ ಹೆಪಾರಿನ್ ಬೇಕೇ ಎಂಬುದನ್ನು ಹೃದಯದ ಡಾಕ್ಟರರ ಜೊತೆ ಕೂತು ನಿರ್ಧರಿಸು. ಬರೀ ಎದೆಬಡಿತ ತಾಳ ತಪ್ಪಿದವರಿಗೆ ಅಭ್ಯಾಸಬಲದಿಂದ ಹೆಪಾರಿನ್ ಸೂಜಿ ಹಾಕಿಸಬೇಡ. 2015ರ 'ಬ್ರಿಡ್ಜ್' ಅಧ್ಯಯನದಲ್ಲಿ ಅದರಿಂದ ಪಾರ್ಶ್ವವಾಯು ತಪ್ಪಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ ನೂರಕ್ಕೆ 1.3ರಿಂದ 3.2ಕ್ಕೆ ಏರಿತು.

ಕೊನೆಗೊಂದು. ನಾವು ನಿಲ್ಲಿಸುವುದರಲ್ಲಿ ಚುರುಕು, ಮತ್ತೆ ಶುರು ಮಾಡುವುದರಲ್ಲಿ ಮರೆಗುಳಿಗಳು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಈ ಔಷಧದ ದಾರಿ ಹಾಗೆ. ಇದ್ದರೆ ರಕ್ತ ಹರಿಯುವ ಭಯ, ಇಲ್ಲದಿದ್ದರೆ ಮೆದುಳಿಗೆ ಗಡ್ಡೆ ಹೋಗುವ ಭಯ. ಮಾತ್ರೆ ಬಿಡಿಸಿದವಳು ನೀನಾದರೆ ಮತ್ತೆ ಯಾವಾಗ ಶುರು ಎಂಬುದೂ ನಿನ್ನ ಅಕ್ಷರದಲ್ಲೇ ಚೀಟಿಯಲ್ಲಿರಬೇಕು. ಸಣ್ಣ ಆಪರೇಷನ್ನಿಗೆ ಒಂದು ದಿನದ ಮೇಲೆ, ದೊಡ್ಡದಕ್ಕೆ ಎರಡು ಮೂರು ದಿನದ ಮೇಲೆ, ಗಾಯ ನೋಡಿ, ಸರ್ಜನ್ ಕೇಳಿ. 'ಮಾತ್ರೆ ನಿಲ್ಲಿಸಿ' ಅಂತ ಬರೆದು ಮನೆಗೆ ಕಳಿಸಿದರೆ ನಮ್ಮ ಹಳ್ಳಿಯ ಜನ ಡಾಕ್ಟರ ಮಾತು ಮೀರಬಾರದೆಂದು ಜೀವಮಾನವೆಲ್ಲ ನಿಲ್ಲಿಸಿಯೇ ಇರುತ್ತಾರೆ.

ಆ ಅಜ್ಜಿ ಮನೆಗೆ ಹೊರಟ ದಿನ ನಾನೇ ಹೋಗಿ ಚೀಟಿ ಓದಿ ಹೇಳಿದೆ. ಮಗನಿಗೆ ಹೇಳಲಿಲ್ಲ, ಅವಳಿಗೇ ಹೇಳಿದೆ. ಸ್ಟ್ರಿಪ್ಪನ್ನು ಮತ್ತೆ ಎಲೆಅಡಿಕೆ ಚೀಲಕ್ಕೇ ಸೇರಿಸಿಕೊಂಡು, "ನೀವು ಕೇಳಿದ್ರೆ ಅವತ್ತೇ ಹೇಳ್ತಿದ್ದೆ ಕಣಪ್ಪ, ಯಾರೂ ಕೇಳಲೇ ಇಲ್ಲ" ಅಂದಳು. ದೂರುವ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾರನೆಯ ದಿನದಿಂದ ನಮ್ಮ ಓಟಿಯ ಚೆಕ್‌ಲಿಸ್ಟಿನಲ್ಲಿ ಆ ಸಿಸ್ಟರ್ ಕೈಯಲ್ಲೇ ಒಂದು ಸಾಲು ಬರೆಸಿದೆ, 'ರೋಗಿಯನ್ನೇ ಕೇಳಿದ್ದು: ಕೊನೆಯ ಗುಳಿಗೆ ಎಷ್ಟು ಹೊತ್ತಿಗೆ?' ಅದರ ಮುಂದೆ ಗಂಟೆ ಬರೆಯಲು ಖಾಲಿ ಜಾಗ. ಆ ಜಾಗ ತುಂಬದೆ ಸೂಜಿ ಬಿಚ್ಚಬಾರದು.

ನೀನೂ ನಾಳೆ ಬೆಳಗ್ಗೆ ಮೊದಲ ಕೇಸಿಗೆ ಕೇಳು. ಕೇಳುವಾಗ ಫೈಲು ನೋಡಬೇಡ, ಅವರ ಮುಖ ನೋಡು. ಮತ್ತೆ ನಿಮ್ಮ ಸರ್‌ಗೆ ನನ್ನ ನಮಸ್ಕಾರ ಹೇಳು.

ನಿನ್ನ ದೊಡ್ಡಪ್ಪ